ಕುಡಿತ ಬಿಡಿಸಲು ಬಂದ ಮನೆಯವರಿಗೆ

ಚಿಕಿತ್ಸೆ ಶುರುವಾಗುವ ಮುನ್ನ ಮನೆಮಂದಿಯೆಲ್ಲ ಓದಬೇಕು. ಓದು ಬಾರದ ಹಿರಿಯರಿಗೆ ಓದಿ ಹೇಳಿ.

ಮಾಡಬಾರದ್ದು

ಕುಡಿಯುವವರಿಗೆ ಗೊತ್ತಿಲ್ಲದಂತೆ ಸಾರಿನಲ್ಲೋ ಕಾಫಿಯಲ್ಲೋ ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆ ಬೆರೆಸಲೇಬೇಡಿ. ಅದನ್ನು ನುಂಗಿದವರು ಮದ್ಯ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇದ್ದೇ ಇರುತ್ತದೆ. “ಗೊತ್ತಾದ್ರೆ ತಗೊಳ್ಳಲ್ಲ ಡಾಕ್ಟ್ರೇ” ಎನ್ನುವ ಹೆಂಡತಿಯ ಸಂಕಟ ನಮಗೆ ಅರ್ಥವಾಗುತ್ತದೆ. ಆದರೂ ಬೇಡ. ಊಟದ ತಟ್ಟೆಯ ಮೇಲೇ ನಂಬಿಕೆ ಹೋದ ಮನೆಯಲ್ಲಿ ಆಮೇಲೆ ಯಾವ ಮಾತುಕತೆಯೂ ಹತ್ತುವುದಿಲ್ಲ.

ವರ್ಷಗಟ್ಟಲೆ ದಿನವೂ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಬೇಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಮೂರು-ನಾಲ್ಕನೇ ದಿನಕ್ಕೆ ಇಲ್ಲದ್ದು ಕಂಡು ಕೂಗಾಡುವ ಸನ್ನಿ ಹಿಡಿಯಬಹುದು. ದೆವ್ವ ಬಿಡಿಸುವವರ ಬಳಿ ಓಡದೆ ಆಸ್ಪತ್ರೆಗೆ ತನ್ನಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಬಾರಿನ ಬಾಕಿ, ಕೈಸಾಲ ತೀರಿಸಬೇಡಿ. ಕುಡಿದು ಮಲಗಿದವರಿಗೆ ಜ್ವರವೆಂದು ಕೆಲಸದ ಕಡೆ ಸುಳ್ಳು ಹೇಳಬೇಡಿ. ಮದುವೆಯಾದರೆ ಸರಿಹೋಗುತ್ತಾನೆಂದು ಹೆಣ್ಣು ನೋಡಬೇಡಿ.

ಮಗುವಿನ ತಲೆ ಮುಟ್ಟಿಸಿ ಆಣೆ ಮಾಡಿಸಲೇಬಾರದು. ಅಪ್ಪ ಮತ್ತೆ ಕುಡಿದ ರಾತ್ರಿ, ತನಗೇನೋ ಆಗುತ್ತದೆಂದು ಆ ಮಗು ನಿದ್ದೆಗೆಡುತ್ತದೆ.

ಮಾಡಬೇಕಾದ್ದು

ಪ್ರತಿ ಭೇಟಿಗೂ ಒಂದೇ ಸೂರಿನಡಿ ಇರುವ ದೊಡ್ಡವರೆಲ್ಲ ಬನ್ನಿ, ಅತ್ತೆ-ಸೊಸೆ ಇಬ್ಬರೂ. “ನಿನ್ನಿಂದಲೇ ನನ್ನ ಮಗ ಕುಡಿಯೋದು” ಎಂಬ ಮಾತು ಅಡುಗೆಮನೆಯಲ್ಲಿ ಬೇಡ. ಇಲ್ಲಿ ಆಡಿ, ಸೊಸೆಯ ಉತ್ತರವನ್ನೂ ಇಲ್ಲೇ ಕೇಳಿ. ಅವರ ಕುಡಿತಕ್ಕೆ ನೀವ್ಯಾರೂ ಕಾರಣರಲ್ಲ. ಬಿಡಿಸುವುದರಲ್ಲಿ ಮಾತ್ರ ನಿಮ್ಮ ಪಾಲು ದೊಡ್ಡದು.

ಹೇಳಬೇಕಾದ್ದನ್ನು ಬೆಳಿಗ್ಗೆ, ಅಮಲಿಳಿದ ಮೇಲೆ ಹೇಳಿ. ಕುಡಿಯದ ಸಂಜೆ ಜೊತೆಗೆ ಕೂತು ಊಟ ಮಾಡಿ. ಕುಡಿದು ಬಂದರೆ ವಾದಕ್ಕಿಳಿಯದೆ ಎದ್ದುಹೋಗಿ.

ಬಿಟ್ಟವರು ಮತ್ತೆ ಕುಡಿದರೆ ಅದೇ ವಾರ ಕರೆತನ್ನಿ. ನಾವು ಬೈಯುವುದಿಲ್ಲ, ನೀವೂ ಬೈಯಬೇಡಿ.

ಕೈ ಎತ್ತಿದರೆ ಮೊದಲು ಮಕ್ಕಳೊಂದಿಗೆ ಹೊರಬನ್ನಿ. 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಕರೆ ಮಾಡಿ. ಹೊಡೆತವಿರುವ ಮನೆಯ ಗಂಡ-ಹೆಂಡತಿಯನ್ನು ನಾವು ಒಟ್ಟಿಗೆ ಕೂರಿಸದೆ, ಬೇರೆಬೇರೆಯಾಗಿ ಮಾತಾಡಿಸುತ್ತೇವೆ.

ಕುಡಿಯುವವರು ಬರಲೊಪ್ಪದಿದ್ದರೆ ನೀವೊಬ್ಬರೇ ಬನ್ನಿ. ಆಗದಿದ್ದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಹಗಲು-ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಬಂದಾಗ ನಿಮ್ಮ ನಿದ್ದೆ, ನಿಮ್ಮ ಬಿಪಿಯ ವಿಷಯವನ್ನೂ ಹೇಳಿಕೊಳ್ಳಿ.