ಓಡುವಾಗ ಎಚ್ಚರ ತಪ್ಪಿದರೆ

ತಮ್ಮಾ, ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಎಷ್ಟೋ ಹುಡುಗರಂತೆ ನೀನೂ ಪೊಲೀಸ್ ನೌಕರಿಗೆಂದು ನಸುಕಿನಲ್ಲಿ 1600 ಮೀಟರ್ ಓಡುತ್ತಿದ್ದೀ. ಓಡು, ಬೇಡ ಅನ್ನುವುದಿಲ್ಲ. ಆದರೆ ಓಡುವಾಗ ಎಚ್ಚರ ತಪ್ಪಿತೋ, ಎದೆ ಹಿಡಿಯಿತೋ, ‘ಬಿಸಿಲು ಬಡಿಯಿತು, ಗಾಳಿ ಸೋಕಿತು’ ಅಂದು ಸುಮ್ಮನಾಗಬೇಡ.

ಬಿ.ಪಿ. ಇಲ್ಲದವರಿಗೂ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಯೊಂದಿದೆ. ಡಾಕ್ಟರು ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ ಅನ್ನುತ್ತಾರೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಕೆಲವರಲ್ಲಿ ರಕ್ತ ಹೊರಡುವ ದಾರಿ ಇಕ್ಕಟ್ಟಾಗುತ್ತದೆ, ಕೆಲವರಲ್ಲಿ ಬಡಿತವೇ ತಾಳ ತಪ್ಪುತ್ತದೆ. ಕ್ಯಾಮರೂನಿನ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೋ 2003ರಲ್ಲಿ ಆಡುತ್ತಲೇ ಕುಸಿದು ತೀರಿಕೊಂಡ, ವಯಸ್ಸು 28. ಇದೇ ಕಾಯಿಲೆ ಇತ್ತೆಂದು ಆಮೇಲೆ ತಿಳಿಯಿತು.

ಇದು ಬಹಳ ಸಲ ಮನೆತನದಲ್ಲಿ ಇಳಿದು ಬರುತ್ತದೆ. ಹೆತ್ತವರಲ್ಲಿ ಒಬ್ಬರಿಗೆ ಜೀನಿನ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಹೃದಯಸ್ನಾಯುವಿನ ಕಾಯಿಲೆಗಳೊಂದಿಗೆ ನಂಟಿರುವ ಒಂದು ಜೀನ್ ದೋಷ ನಮ್ಮ ಉಪಖಂಡದ ನೂರಕ್ಕೆ ಸುಮಾರು ನಾಲ್ವರಲ್ಲಿದೆ ಎಂದು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿದ್ದ ತಂಡ 2009ರಲ್ಲಿ ಪ್ರಕಟಿಸಿತು. ದೋಷವಿದ್ದವರೆಲ್ಲ ಕಾಯಿಲೆ ಬೀಳುವುದಿಲ್ಲ. ಆದರೆ ತಾಯಿ ತಂದೆ ಇಬ್ಬರಿಂದಲೂ ಬಂದರೆ ಕಾಟ ಜೋರು. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಮಂದಿ ಇದನ್ನು ಯೋಚಿಸಬೇಕು.

ಹಾಗಾಗಿ ಮೊದಲು ಅವ್ವನನ್ನು, ದೊಡ್ಡಪ್ಪನನ್ನು ಕೇಳು: ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ಹೋದವರು ಯಾರು? ಹೆಣ್ಣು ಕೊಡುವವರು ಹಿಂಜರಿದಾರು ಎಂದು ಮುಚ್ಚಿಟ್ಟ ಸಾವುಗಳೇ ಡಾಕ್ಟರಿಗೆ ಬೇಕಾದ ಸುಳಿವು. ಆಮೇಲೆ ರಾಯಚೂರಿಗೋ, ಮಹಬೂಬ್‌ನಗರಕ್ಕೋ ಹೋಗಿ ಹೃದಯದ ಡಾಕ್ಟರಿಗೆ ತೋರಿಸು. ಇಸಿಜಿ, ಎಕೋ ಮಾಡಿಸು. ಮನೆಯಲ್ಲಿ ಕಾಯಿಲೆ ಇದ್ದರೆ ಒಮ್ಮೆ ಸರಿ ಬಂದ ಎಕೋ ಸಾಲದು. ವರ್ಷಗಳ ಮೇಲೂ ಕಾಣಿಸಿಕೊಳ್ಳಬಹುದು.

ಕಾಯಿಲೆ ಇದೆಯೆಂದರೆ ಬದುಕು ಮುಗಿಯಲಿಲ್ಲ. ಕೊಟ್ಟ ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ. ನಮ್ಮ ಬೇಸಿಗೆಯಲ್ಲಿ ಮೈ ನೀರು ಆರಗೊಡಬೇಡ. ಮೂಗು ಕಟ್ಟಿದರೆ ಅಂಗಡಿ ಮಾತ್ರೆ ನುಂಗುವ ಮುಂಚೆ ಡಾಕ್ಟರನ್ನು ಕೇಳು. ಎಷ್ಟು ಓಡಬಹುದು, ಎಷ್ಟು ನಡೆಯಬಹುದು, ಅವರೇ ಹೇಳಲಿ. ಅಪಾಯ ಹೆಚ್ಚಿದ್ದರೆ ಬಡಿತ ಕೆಟ್ಟಾಗ ಶಾಕ್ ಕೊಟ್ಟು ಸರಿಪಡಿಸುವ ಪುಟ್ಟ ಯಂತ್ರವನ್ನು ಎದೆಯಲ್ಲಿ ಕೂರಿಸುತ್ತಾರೆ.

ನೌಕರಿ ತಪ್ಪೀತೆಂದು ಪರೀಕ್ಷೆ ಮುಂದೂಡಬೇಡ. ಕಾಯಿಲೆ ಗೊತ್ತಾದ ದಿನವೇ ಒಡಹುಟ್ಟಿದವರಿಗೆಲ್ಲ ಫೋನ್ ಮಾಡು. ಅವರ ಎಕೋ ಆಗುವವರೆಗೆ ನಿನ್ನ ಕೆಲಸ ಅರ್ಧ ಮಾತ್ರ ಆಗಿದೆ ಅಂದುಕೋ.