ನೀರು ಸಾಕಿದ ಎರಡು ತಿಂಗಳು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೀನಿನ ವಿಷಯವಾಗಿ ಲೇಖನ ಬರೆಯಹೊರಟುದನ್ನು ಕಂಡು ವಾಚಕ ಮಿತ್ರರು ನಗಬಹುದು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಅಮೋನಿಯದ ಗೊಡವೆ ಏಕೆಂದು ನಮ್ಮ ಗುರುಗಳೊಬ್ಬರು ಕೇಳಿಯೂ ಕೇಳಿದರು. ಕಾರಣವಿಷ್ಟೆ: ನನ್ನ ತಂದೆ ಉತ್ತರ ಕನ್ನಡದ ಕರಾವಳಿಯಲ್ಲಿ ಬೇರೆಯವರ ದೋಣಿಯ ಮೇಲೆ ದುಡಿಯುವ ಮೀನುಗಾರರು. ಹುಟ್ಟಿದಂದಿನಿಂದ ನಾನು ಮೀನನ್ನು ಕಂಡುದು ಬುಟ್ಟಿಯಲ್ಲಿ, ಮಂಜುಗಡ್ಡೆಯ ಕೆಳಗೆ, ಇಲ್ಲವೆ ಬಾಣಲೆಯಲ್ಲಿ. ಅದು ಬದುಕಿರುವಾಗ ಏನು ಮಾಡುತ್ತದೆಂಬುದನ್ನು ನಮ್ಮ ಮನೆತನದಲ್ಲಿ ಯಾರೂ ಕುಳಿತು ನೋಡಿದುದಿಲ್ಲ. ಹಾಗೆ ಕುಳಿತುಕೊಳ್ಳಲು ಯಾರಿಗೂ ಬಿಡುವಿರಲಿಲ್ಲ. ಮನೆಯಿಂದ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗನಾದುದರಿಂದ ಆ ಬಿಡುವೂ ಮೊದಲು ನನಗೇ ದೊರೆಯಿತು.

ಭಾನುವಾರಗಳಲ್ಲಿ ಮಂಜುಗಡ್ಡೆಯ ಕಾರ್ಖಾನೆಯಲ್ಲಿ ದುಡಿದು ಕೂಡಿಸಿದ ಹಣದಿಂದ ಕಳೆದ ಏಪ್ರಿಲಿನಲ್ಲಿ ನೂರು ಲೀಟರು ಹಿಡಿಯುವ ಗಾಜಿನ ತೊಟ್ಟಿ, ಪಂಪು, ಮರಳು ಇವುಗಳನ್ನು ಕೊಂಡೆ. "ಎದುರಿಗೇ ಇಷ್ಟು ದೊಡ್ಡ ಸಮುದ್ರ ಇತ್ತಲ್ಲ ತಮಾ, ಪೆಟ್ಟಿಗೆಯೊಳಗೆ ಮತ್ತೊಂದು ಯಾಕೆ?" ಎಂದರು ಅಪ್ಪ. ಕೊಡದಲ್ಲಿ ಸಮುದ್ರದ ನೀರನ್ನು ಹೊತ್ತು ತಂದು, ಬಟ್ಟೆಯಲ್ಲಿ ಸೋಸಿ ತುಂಬಿದೆ. ಒಂದು ತಿಂಗಳು ಹಾಗೆಯೇ ಬಿಟ್ಟು ಬಳಿಕ ಮೀನು ಬಿಡಬೇಕೆಂದು ಅಂಗಡಿಯವರು ಹೇಳಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತ, ನನ್ನ ತಾಳ್ಮೆಯನ್ನು ನಾನೇ ಮೆಚ್ಚಿಕೊಳ್ಳುತ್ತ ಮೂವತ್ತು ದಿನ ಕಾದೆ. ನೀರು ಸ್ಫಟಿಕದಂತಿತ್ತು. ಕಿತ್ತಳೆ ಬಣ್ಣದ ಮೇಲೆ ಬಿಳಿಯ ಪಟ್ಟೆಗಳುಳ್ಳ ಮೂರು ಕ್ಲೌನ್ ಮೀನುಗಳನ್ನು ಒಟ್ಟಿಗೆ ತಂದು ಬಿಟ್ಟೆ. ಮೂರನೆಯ ದಿನ ಅವು ನೀರಿನ ಮೇಲ್ಭಾಗಕ್ಕೆ ಬಂದು ಏದುಸಿರು ಬಿಡತೊಡಗಿದವು. ವಾರ ತುಂಬುವುದರೊಳಗೆ ಮೂರೂ ಸತ್ತವು. ಅಪ್ಪ ಒಂದನ್ನು ಅಂಗೈಯ ಮೇಲಿಟ್ಟುಕೊಂಡು ನೋಡಿ, "ಇದರ ದುಡ್ಡಿಗೆ ವಾರದ ಅಕ್ಕಿ ಬರ್ತಿತ್ತು" ಎಂದಷ್ಟೇ ಹೇಳಿದರು.

ಕಾದುದಂತೂ ನಿಜ. ಹಾಗಾದರೆ ತಪ್ಪಿದುದೆಲ್ಲಿ? ಈ ಪ್ರಶ್ನೆ ನನ್ನನ್ನು ಪುಸ್ತಕಗಳ ಕಡೆಗೆ ಕರೆದೊಯ್ದಿತು. ಇತಿಹಾಸದ ವಿದ್ಯಾರ್ಥಿಯಾದುದರಿಂದ ಮೊದಲು ಹಿಂದಿನವರೇನು ಮಾಡಿದರೆಂಬುದನ್ನೇ ನೋಡಿದೆ.

ಲಂಡನ್ನಿನ ಅನ್ನಾ ಥಿನ್ ಎಂಬ ಮಹಿಳೆ ೧೮೪೬ರಲ್ಲಿ ಟಾರ್ಕಿ ಎಂಬ ಕಡಲೂರಿನಿಂದ ಜೀವಂತ ಹವಳಗಳನ್ನು ಮನೆಗೆ ತಂದಳು. ಕಡಲು ಬಹು ದೂರ. ದಿನವೂ ಹೊಸ ನೀರು ತರಿಸುವಂತಿರಲಿಲ್ಲ. ಆದುದರಿಂದ ಇದ್ದ ನೀರನ್ನೇ ತೆರೆದ ಕಿಟಕಿಯ ಬಳಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಹಳ ಹೊತ್ತು ಸುರಿಸಿ ಗಾಳಿ ಸೇರಿಸುವ ಏರ್ಪಾಡು ಮಾಡಿದಳು. ಸುರಿಯುವ ಕೆಲಸ ಮನೆಯ ಕೆಲಸದಾಕೆಯದು. ಅವಳ ಹೆಸರು ನಾನೋದಿದ ಪುಸ್ತಕದಲ್ಲಿರಲಿಲ್ಲ. ಹವಳಗಳು ಬದುಕಿದುದು ಅವಳ ತೋಳುಗಳಿಂದಲೆಂದು ನನಗೆ ತೋರುತ್ತದೆ. ೧೮೫೦ರಲ್ಲಿ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನ ಶಾಸ್ತ್ರಜ್ಞನು ಮೀನು, ಜಲಸಸ್ಯ, ಬಸವನಹುಳು ಇವು ಒಂದರಿಂದೊಂದು ಬದುಕುವ ಸಮತೋಲವನ್ನು ವರ್ಣಿಸಿದನು. ೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ ಪುಸ್ತಕ ಹೊರಬಂದಿತು. ಜನರು ಹುಚ್ಚೆದ್ದು ಕಡಲತೀರಗಳಿಗೆ ನುಗ್ಗಿದರು. ಆ ಬಂಡೆಗಳ ನಡುವಿನ ಕೊಳಗಳು ಹೇಗೆ ಬರಿದಾದುವೆಂಬುದನ್ನು ಅವನ ಮಗ ಎಡ್ಮಂಡ್ ಗಾಸ್ ೧೯೦೭ರಲ್ಲಿ ಬಹು ನೋವಿನಿಂದ ಬರೆದಿದ್ದಾನೆ.

ಇವರಿಗಾರಿಗೂ ಕಾಣದಿದ್ದ ಸಂಗತಿಯೊಂದಿತ್ತು. ಅದನ್ನು ೧೮೯೦ರ ಸುಮಾರಿಗೆ ಸೆರ್ಗೆಯಿ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ತೋರಿಸಿಕೊಟ್ಟನು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಅದು ಮೀನಿಗೇ ವಿಷ. ಅದರಲ್ಲಿಯೂ ಸಮುದ್ರದ ನೀರು ತುಸು ಕ್ಷಾರಗುಣವುಳ್ಳದ್ದಾದುದರಿಂದ ಅಲ್ಲಿ ಅದರ ವಿಷ ಸಿಹಿನೀರಿಗಿಂತ ಹೆಚ್ಚು. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ, ಅದೂ ಕೇಡಿನದೇ. ಇನ್ನೊಂದು ಬಗೆಯದು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾಡುತ್ತದೆ. ಈ ಜೀವಿಗಳು ಕಲ್ಲು, ಮರಳುಗಳಿಗೆ ಅಂಟಿಕೊಂಡು ನಿಧಾನವಾಗಿ ಬೆಳೆಯುತ್ತವೆ. ಸಾಕಷ್ಟು ಹೆಚ್ಚಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆದರೆ ಅವು ಬೆಳೆಯುವುದು ಅಮೋನಿಯವನ್ನು ಉಂಡು! ನನ್ನ ಸ್ಫಟಿಕದಂಥ ನೀರಿನಲ್ಲಿ ಅವಕ್ಕೆ ಉಣ್ಣಲು ಏನಿತ್ತು? ಮೂವತ್ತು ದಿನ ನಾನು ಕಾದುದು ಶುದ್ಧ ಉಪವಾಸಕ್ಕೆ.

ಇದನ್ನು ಅರ್ಥಮಾಡಿಕೊಳ್ಳುವ ಹೊತ್ತಿಗೆ ಜೂನ್ ಬಂದಿತು. ಜೂನ್ ೧ರಿಂದ ಜುಲೈ ೩೧ರವರೆಗೆ, ಮೀನು ಮರಿ ಮಾಡುವ ಕಾಲವೆಂದು, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ೬೧ ದಿನ ಅಪ್ಪ ಮನೆಯಲ್ಲಿರುತ್ತಾರೆ, ಸುಮ್ಮನಿರುವುದಿಲ್ಲ. ಬಲೆಯ ಹರಕನ್ನು ಕಣ್ಣು ಕಣ್ಣಾಗಿ ಹೆಣೆಯುತ್ತಾರೆ, ಹಗ್ಗ ಬದಲಿಸುತ್ತಾರೆ. ನನ್ನ ಕ್ಯಾಲೆಂಡರಿನ ಗೆರೆಗಳನ್ನು ಕಂಡು ಅವರೊಮ್ಮೆ ಕೇಳಿದರು: "ಆಗಸ್ಟ್ ಒಂದಕ್ಕೆ ಬಲೆ ಹರಿದೇ ಇದ್ದರೆ, ಎರಡು ತಿಂಗಳು ಕಾದದ್ದಕ್ಕೆ ಎಂತ ಬಂತು?" ನಾನು ಓದಿದ ಪುಸ್ತಕಗಳಲ್ಲಿ ಈ ಮಾತು ಇಷ್ಟು ನೇರವಾಗಿ ಎಲ್ಲಿಯೂ ಇರಲಿಲ್ಲ.

ಎರಡನೆಯ ಸಲ ಎಲ್ಲವನ್ನೂ ಬೇರೆ ರೀತಿಯಲ್ಲಿ ಮಾಡಿದೆ. ಮಳೆಗಾಲದಲ್ಲಿ ನದಿಯ ನೀರು ಸೇರಿ ದಡದ ಸಮುದ್ರ ಕದಡಿ ಸಪ್ಪೆಯಾಗುವುದರಿಂದ ಆ ನೀರು ಕೆಲಸಕ್ಕೆ ಬಾರದು. ಅಡಿಗೆಯ ಉಪ್ಪೂ ಸಾಲದು. ಸಮುದ್ರದಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದುವೆಲ್ಲ ಇರಬೇಕು. ಅದಕ್ಕೆಂದೇ ಮಾರುವ ಉಪ್ಪನ್ನು ಲೀಟರಿಗೆ ಸುಮಾರು ೩೫ ಗ್ರಾಮಿನಂತೆ, ಒಟ್ಟು ಮೂರೂವರೆ ಕಿಲೋ, ಸಿಹಿನೀರಿನಲ್ಲಿ ಕದಡಿ, ಸಾಂದ್ರತೆಯ ಮಾಪಕ ೧.೦೨೫ ತೋರಿಸುವ ತನಕ ಸರಿಪಡಿಸಿದೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಹಾಕಿದೆ. ನೀರು ಆರಿ ಕೆಳಗಿಳಿದಾಗ ತುಂಬಬೇಕಾದುದು ಉಪ್ಪುನೀರನ್ನಲ್ಲ, ಸಿಹಿನೀರನ್ನು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬಿಸಿಲಿಗೆ ಹೋಗುವುದು ನೀರು, ಉಳಿಯುವುದು ಉಪ್ಪು. ಮೊದಲ ಸಲ ನಾನು ಇದನ್ನೂ ತಪ್ಪಿದ್ದೆ.

ಇಂಡೋನೇಷ್ಯದ ಲೀ ಚಿನ್ ಎಂಗ್ ೧೯೬೧ರಲ್ಲಿ ಬರೆದ ಲೇಖನದಿಂದ ಜೀವಂತ ಹವಳದ ಕಲ್ಲುಗಳನ್ನು ತೊಟ್ಟಿಯಲ್ಲಿಡುವ ಪದ್ಧತಿ ಹೆಸರಾಯಿತು. ಕಲ್ಲಿನೊಳಗಿನ ಜೀವಿಗಳೇ ನೀರನ್ನು ಶುದ್ಧವಾಗಿಡುತ್ತವೆ. ನಮ್ಮ ದೇಶದಲ್ಲಿ ಹವಳಗಳಿಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಕಡಲಿನಿಂದ ಕಿತ್ತು ತರುವಂತಿಲ್ಲ, ತರಲೂಬಾರದು. ರಂಧ್ರಗಳುಳ್ಳ ಪಿಂಗಾಣಿ ತುಂಡುಗಳನ್ನು ಹಾಕಿ, ಪರಿಚಿತರೊಬ್ಬರ ಹಳೆಯ ಕಡಲನೀರಿನ ತೊಟ್ಟಿಯಿಂದ ಒಂದು ಸ್ಪಂಜಿನ ಚೂರನ್ನು ಬೇಡಿ ತಂದೆ. ಹಾಲಿಗೆ ಹೆಪ್ಪು ಹಾಕಿದಂತೆ.

ಬಳಿಕ ಹೆಬ್ಬೆರಳಿನಷ್ಟು ದೊಡ್ಡ ಒಂದು ಸಿಗಡಿಯನ್ನು (ನಮ್ಮ ಕಡೆಯ ಶೆಟ್ಲಿ) ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಬಿಟ್ಟೆ. ಕೊಳೆಯಲೆಂದೇ! ವಾಸನೆ ತಾಳದೆ ಅಮ್ಮ, "ನೀನು ಮೀನು ಸಾಕ್ತೀಯೋ, ನೀರು ಸಾಕ್ತೀಯೋ?" ಎಂದು ಕೇಳಿದಳು. ಪರೀಕ್ಷೆಯ ಸೀಸೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟು ಬಣ್ಣ ನೋಡುವುದು ನನ್ನ ಮುಂಜಾನೆಯ ಕೆಲಸವಾಯಿತು. ನಾಲ್ಕನೆಯ ದಿನ ಹಳದಿ ಹಸಿರಿಗೆ ತಿರುಗಿತು: ಅಮೋನಿಯ. ಮೂರನೆಯ ವಾರ ಅದು ಇಳಿಯತೊಡಗಿ ನೈಟ್ರೈಟ್ ಏರಿತು. ಗಾಜಿನ ಮೇಲೆಲ್ಲ ಕಂದು ಪಾಚಿ ಹಬ್ಬಿ, ಬಂದವರೆಲ್ಲ ಮೂಗು ಮುರಿದರು. ನೈಟ್ರೈಟ್ ಮಾತ್ರ ಇಳಿಯಲೊಲ್ಲದು. ಈ ದಿನಗಳೇ ಅತ್ಯಂತ ಕಷ್ಟದವು. ತೊಟ್ಟಿಯನ್ನು ತೊಳೆದು ಮತ್ತೆ ಚೊಕ್ಕವಾಗಿ ತುಂಬಿಬಿಡಲೇ ಎನಿಸುತ್ತಿತ್ತು. ತೊಳೆದಿದ್ದರೆ ಬೆಳೆದುದೆಲ್ಲ ಬಚ್ಚಲಿಗೆ ಹೋಗುತ್ತಿತ್ತು. ಜುಲೈ ಮೂರನೆಯ ವಾರದಲ್ಲಿ ಎರಡೂ ಸೊನ್ನೆಗಿಳಿದವು. ನಂಬದೆ ಇನ್ನೊಂದು ಸಿಗಡಿಯ ಚೂರು ಹಾಕಿ ದಿನವೂ ಅಳೆದೆ. ಸೊನ್ನೆಯೇ. ಕೂಡಿದ್ದ ನೈಟ್ರೇಟ್ ತೆಗೆಯಲು ಅರ್ಧ ನೀರನ್ನು ಬದಲಿಸಿದೆ.

ಆಗಸ್ಟ್ ಮೊದಲ ವಾರ ಅಪ್ಪ ಕಡಲಿಗೆ ಹೊರಟರು. ಅದೇ ವಾರ ನಾನು ಒಂದು ಕ್ಲೌನ್ ಮೀನನ್ನು ತಂದೆ, ಒಂದೇ ಒಂದು. ಕಡಲಿನಿಂದ ಹಿಡಿದುದಲ್ಲ, ತೊಟ್ಟಿಯಲ್ಲಿಯೇ ಹುಟ್ಟಿದುದು. ಹೆಚ್ಚು ಮೀನು ಬಿಟ್ಟರೆ ಅಷ್ಟೇ ಬ್ಯಾಕ್ಟೀರಿಯಾ ಬೆಳೆಯಬೇಕು. ಅದಕ್ಕೆ ಮತ್ತೆ ಕಾಲ ಬೇಕು.

ಈಗ ಜನವರಿ. ಅದು ತೊಟ್ಟಿಯ ಎಡಮೂಲೆಯಲ್ಲಿ, ಪಂಪಿನ ಬಳಿ ಮಲಗುತ್ತದೆ. ಅಮ್ಮನ ಬಳೆಯ ಸದ್ದಿಗೆ ಮುಂದಕ್ಕೆ ಬರುತ್ತದೆ, ಊಟ ಹಾಕುವವಳು ಅವಳಾದುದರಿಂದ. ಎರಡನೆಯದನ್ನು ಇನ್ನೂ ತಂದಿಲ್ಲ. ನನ್ನ ಪರೀಕ್ಷೆಗಳು ಸಮೀಪಿಸಿರುವುದರಿಂದ ನೀರಿನ ಪರೀಕ್ಷೆ ಕೆಲವು ದಿನ ತಪ್ಪುತ್ತದೆ. ಅಂಥ ದಿನಗಳಲ್ಲಿ ದೋಣಿಯಿಂದ ಬಂದ ಅಪ್ಪ, ಕೈ ತೊಳೆಯುವುದಕ್ಕೂ ಮುನ್ನ, "ಇವತ್ತು ಬಣ್ಣ ನೋಡಿದೆಯಾ?" ಎಂದು ಕೇಳುತ್ತಾರೆ.