ತಾಳ ತಪ್ಪಿದ್ದು ಕಂಸಾಳೆಯಲ್ಲ, ನಮ್ಮ ಡಿಲೇ

ರಜೆಯಲ್ಲಿ ನಾವು ನಾಲ್ವರು ನಂಜನಗೂಡು ತಾಲ್ಲೂಕಿನ ಬಿಳಿಗೆರೆಗೆ ಹೋಗಿ, ಮಾದಪ್ಪನ ಮೇಲಿನ ಒಂದು ಕಂಸಾಳೆ ಹಾಡು ರೆಕಾರ್ಡ್ ಮಾಡಿಕೊಂಡು ಬಂದೆವು. ಹಾಸ್ಟೆಲ್‌ನಲ್ಲಿ ಕೂತು ದನಿಗೆ ಸ್ವಲ್ಪ ಡಿಲೇ, ಅಂದರೆ ಪ್ರತಿಧ್ವನಿ ಸೇರಿಸಿದೆವು. ಹಾಡಿದ ಅಜ್ಜನಿಗೇ ಫೋನಲ್ಲಿ ಕೇಳಿಸಿದಾಗ ಅವರು, "ನಮ್ ತಾಳದ್ ಮೇಲೆ ಇನ್ಯಾರಪ್ಪಾ ತಾಳ ಹಾಕ್ತಾವ್ರೆ?" ಅಂದುಬಿಟ್ಟರು.

ತಪ್ಪು ಎಲ್ಲಾಯ್ತು ನೋಡೋಣ. ಡಿಲೇ ಪ್ಲಗ್‌ಇನ್‌ನಲ್ಲಿ 'ಸಿಂಕ್' ಒತ್ತಿದರೆ ಅದು ಹಾಡನ್ನು ಕೇಳಿ ಲಯ ಹಿಡಿಯುತ್ತೆ ಅಂದುಕೊಂಡಿದ್ದೆವು. ಹಾಗಲ್ಲ. ಪ್ರಾಜೆಕ್ಟ್‌ನಲ್ಲಿ ಬರೆದಿರುವ ಟೆಂಪೋವನ್ನು ಸಾಫ್ಟ್‌ವೇರ್ ಪ್ಲಗ್‌ಇನ್‌ಗೆ ಕೊಡುತ್ತೆ, ಅದು ಅಷ್ಟನ್ನೇ ನಂಬುತ್ತೆ. ನಮ್ಮ ಪ್ರಾಜೆಕ್ಟ್‌ನಲ್ಲಿ ಮೊದಲಿಂದ ಇದ್ದ 120 ಬಿಪಿಎಂ ಹಾಗೇ ಉಳಿದಿತ್ತು.

ಹಾಡಿನ ನಿಜವಾದ ಟೆಂಪೋ ತಿಳಿಯೋಕೆ ಬೀಟ್ ಎಣಿಸಿದೆವು. 20 ಸೆಕೆಂಡಿಗೆ 32 ಬೀಟ್, ಅಂದರೆ ನಿಮಿಷಕ್ಕೆ 96. ಸೂತ್ರ ಸುಲಭ: 60,000ವನ್ನು ಬಿಪಿಎಂನಿಂದ ಭಾಗಿಸಿದರೆ ಒಂದು ಬೀಟ್ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತೆ.

120ಕ್ಕೆ: 500
96ಕ್ಕೆ: 625

ಪ್ರತಿಧ್ವನಿ 125 ಮಿಲಿಸೆಕೆಂಡ್ ಮುಂಚೆಯೇ ಬರುತ್ತಿತ್ತು. ಅಜ್ಜನಿಗೆ ಕೇಳಿಸಿದ ಇನ್ನೊಂದು ತಾಳ ಅದೇ. 96ರಲ್ಲಿ ಅರ್ಧ ಬೀಟ್ 312.5, ಮುಕ್ಕಾಲು ಬೀಟ್ 468.75. ಹಾಡು ತಿಶ್ರ ನಡೆಯಲ್ಲಿದ್ದರೆ ಬೀಟನ್ನು ಮೂರು ಭಾಗ ಮಾಡಿ: ಸುಮಾರು 208.

ಪ್ರಾಜೆಕ್ಟ್ ಟೆಂಪೋ 96 ಮಾಡಿದ್ವಿ. ಶುರುವಿನಲ್ಲಿ ಸರಿಹೋಯ್ತು, ಕೊನೆಯಲ್ಲಿ ಮತ್ತೆ ಎಡವಟ್ಟು. ಎಣಿಸಿ ನೋಡಿದರೆ ಅಲ್ಲಿ 108! ಕುಣಿತ ಏರಿದ ಹಾಗೆ ಲಯವೂ ಏರಿದೆ. 108ಕ್ಕೆ ಒಂದು ಬೀಟ್ ಸುಮಾರು 556. ಹಾಡನ್ನೇ ಕತ್ತರಿಸಿ, ಎಳೆದು 96ಕ್ಕೆ ಕೂರಿಸೋಣ ಅಂತ ಒಬ್ಬ ಹೇಳಿದ. ಹಾಗೆ ಮಾಡಿದರೆ ಆ ಏರಿಕೆಯೇ ಸತ್ತುಹೋಗುತ್ತೆ. ಕಂಪ್ಯೂಟರ್ ಹಾಡಿನ ಹಿಂದೆ ಹೋಗಬೇಕು, ಹಾಡು ಕಂಪ್ಯೂಟರ್ ಹಿಂದೆ ಅಲ್ಲ.

ಹಾಗಾಗಿ ರೀಪರ್‌ನಲ್ಲಿ ಹೀಗೆ ಮಾಡಿದೆವು:

1. ಮೊದಲು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಬೇಸನ್ನು 'ಟೈಮ್' ಮಾಡಿ. ಬೀಟ್ಸ್ ಇದ್ದರೆ ಟೆಂಪೋ ಬದಲಿಸಿದಾಗ ರೆಕಾರ್ಡಿಂಗೇ ಜರುಗಬಹುದು, ಹಿಗ್ಗಬಹುದು.
2. ಕಂಸಾಳೆ ಬಟ್ಟಲಿನ ಪೆಟ್ಟು ವೇವ್‌ಫಾರ್ಮ್‌ನಲ್ಲಿ ಚೂಪಾಗಿ ಕಾಣುತ್ತೆ. ಅದನ್ನು ನೋಡಿಕೊಂಡು ಎಂಟು ಬೀಟಿಗೊಂದು ಟೆಂಪೋ ಮಾರ್ಕರ್ ಹಾಕಿ.
3. ಮೆಟ್ರೊನೋಮ್ ಆನ್ ಮಾಡಿ ಕೇಳಿ. ಟಿಕ್ ಮತ್ತು ಪೆಟ್ಟು ಒಟ್ಟಿಗೆ ಬೀಳಬೇಕು.
4. ರೀಡಿಲೇಯಲ್ಲಿ ಟೈಮ್ ಲೆಂತ್ 0, ಮ್ಯೂಸಿಕಲ್ ಲೆಂತ್ 2 ಇಡಿ. ಅದು ಎಂಟನೇ ನೋಟ್‌ಗಳ ಲೆಕ್ಕ, 2 ಅಂದರೆ ಒಂದು ಬೀಟ್.

ಒಂದು ಎಚ್ಚರಿಕೆ: ಮಾರ್ಕರ್‌ಗಳ ನಡುವೆ ಟೆಂಪೋ ದೊಡ್ಡದಾಗಿ ಜಿಗಿದರೆ ಕೆಲವು ಡಿಲೇಗಳಲ್ಲಿ ಶ್ರುತಿ ಜಾರಿದ ಹಾಗೆ ಕೇಳುತ್ತೆ. ಅಂಥ ಕಡೆ ಮಾರ್ಕರ್ ಹತ್ತಿರ ಹತ್ತಿರ ಹಾಕಿ.

ಎರಡು ರಾತ್ರಿ ಹಿಡಿಯಿತು. ಅಜ್ಜನಿಗೆ ಮತ್ತೆ ಕೇಳಿಸಿದೆವು. ಈ ಸಲ ತಾಳದ ಮಾತೇ ಬರಲಿಲ್ಲ. "ಇನ್ನೊಂದ್ ಕಿತ ಹಾಕ್ರಪ್ಪಾ" ಅಂದರು.